ಗುಂಪಿನಿಂದ ಪಕ್ಕಕ್ಕೆ ಕರೆದುಕೊಂಡು

ಸಾಧಾರಣ ಕಾಲದ 23ನೇ ಭಾನುವಾರದ ಪ್ರಬೋಧನೆ
ವಾಚನಗಳು: ಯೆಶಾಯ 35:4-7, ಯಕೋಬ 2:1-5, ಮಾರ್ಕ 7:31-37



ದೀಕ್ಷಾಸ್ನಾನದಲ್ಲಿ ಒಂದು ಚಿಕ್ಕ ವಿಧಿಯಿದೆ. ನೀರು ಹೊಯ್ದು, ಪವಿತ್ರ ತೈಲ ಹಚ್ಚಿ, ಬಿಳಿ ಬಟ್ಟೆ ಹೊದಿಸಿ, ಮೇಣದಬತ್ತಿ ಹೊತ್ತಿಸಿದ ಮೇಲೆ ಗುರುಗಳು ಹೆಬ್ಬೆರಳಿನಿಂದ ಕೂಸಿನ ಕಿವಿಗಳನ್ನೂ ಬಾಯನ್ನೂ ಮುಟ್ಟುತ್ತಾರೆ. ಈ ಕಿವಿಗಳು ಬೇಗ ಪ್ರಭುವಿನ ವಾಕ್ಯ ಕೇಳುವಂತಾಗಲಿ, ಈ ಬಾಯಿ ವಿಶ್ವಾಸವನ್ನು ಸಾರುವಂತಾಗಲಿ ಎಂದು ಬೇಡುತ್ತಾರೆ. ಅದಕ್ಕೆ ಎಪ್ಫಥಾ ವಿಧಿ ಎಂದು ಹೆಸರು. ಇಂದಿನ ಶುಭಸಂದೇಶದಿಂದಲೇ ಬಂದ ಹೆಸರು. ಅಷ್ಟು ಹೊತ್ತಿಗೆ ಫೋಟೋದವರು ಮುಂದೆ ಬಂದು ನಿಂತಿರುತ್ತಾರೆ, ಕೂಸು ಅಳುತ್ತಿರುತ್ತದೆ, ಮನೆಯವರಿಗೆ ಊಟದ ಪೆಂಡಾಲಿನ ಚಿಂತೆ ಹತ್ತಿರುತ್ತದೆ. ಆ ವಿಧಿಯನ್ನು ಯಾರೂ ಗಮನಿಸುವುದಿಲ್ಲ. ಮಾಡುವ ನಾವೂ ಒಮ್ಮೊಮ್ಮೆ ಅವಸರದಲ್ಲಿ ಮುಗಿಸಿಬಿಡುತ್ತೇವೆ.

ನಾಲ್ಕು ವರ್ಷಗಳ ಹಿಂದೆ ಒಂದು ಹೆಣ್ಣುಕೂಸಿನ ಕಿವಿಯನ್ನು ನಾನು ಹೀಗೆ ಮುಟ್ಟಿದೆ. ಅದೇ ಹೊತ್ತಿಗೆ ದೇವಾಲಯದ ಹಿಂಬಾಗಿಲ ಬಳಿ ಯಾರದೋ ಕೈಯಿಂದ ದೊಡ್ಡ ಸ್ಟೀಲಿನ ಪಾತ್ರೆ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಎಲ್ಲರೂ ಬೆಚ್ಚಿ ಹಿಂದಕ್ಕೆ ತಿರುಗಿದರು. ಕೂಸು ಮಾತ್ರ ಅವ್ವನ ತೋಳಿನಲ್ಲಿ ನಿದ್ದೆಯಲ್ಲೇ ಇತ್ತು. "ಎಂಥಾ ಶಾಂತ ಕೂಸು" ಎಂದೆ. ಸುತ್ತಲಿದ್ದವರೂ ಹೌದು ಹೌದೆಂದರು. ಹೊಗಳಿಕೆ ಎಂದುಕೊಂಡು ತಾಯಿ ನಕ್ಕಳು.

ಆ ಕೂಸಿಗೆ ಬಹಳ ಕಡಿಮೆ ಕೇಳಿಸುತ್ತಿತ್ತು. ನಮ್ಮಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ತಂದೆತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾರೆ. ತಂದೆಗೆ ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಟವೆಲ್ ನೇಯುವ ಕಾರ್ಖಾನೆಯಲ್ಲಿ ಕೆಲಸ. ತಾಯಿಯ ತವರು ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಮಾತು ಕನ್ನಡ. ಎರಡು ವರ್ಷವಾದರೂ ಕೂಸು ಮಾತಾಡಲಿಲ್ಲ. "ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ" ಎಂದು ಹಿರಿಯರು ಸಮಾಧಾನ ಹೇಳಿದರು. ನೊವೇನಾ ಆಯಿತು. ವೇಲಂಕಣಿಗೆ ಹರಕೆ ಹೊತ್ತು ಹೋಗಿ ಬಂದದ್ದಾಯಿತು. ಮೂರನೇ ವರ್ಷ ಅದನ್ನು ಕಂಡುಹಿಡಿದದ್ದು ಗುರುಗಳೂ ಅಲ್ಲ, ಮನೆಯವರೂ ಅಲ್ಲ, ಅಂಗನವಾಡಿಯ ತಾಯಿ. "ಎದ್ದು ನಿಲ್ಲಿ ಎಂದಾಗ ಈ ಹುಡುಗಿ ಏಳುವುದು ನನ್ನ ಮಾತು ಕೇಳಿ ಅಲ್ಲ, ಪಕ್ಕದ ಮಕ್ಕಳನ್ನು ನೋಡಿ" ಎಂದು ಆಕೆ ಹೇಳಿದರು. ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಮಕ್ಕಳನ್ನು ತಪಾಸಣೆ ಮಾಡುವ ವೈದ್ಯರ ತಂಡ ಬರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು ಅದರ ಹೆಸರು; 2013ರಲ್ಲಿ ನಮ್ಮ ಮಹಾರಾಷ್ಟ್ರದ ಪಾಲ್ಘರ್‌ನಲ್ಲೇ ಶುರುವಾದದ್ದು. ಆ ತಂಡದವರು ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಲಗಿಸಿ, ತಲೆಗೆ ವೈರು ಅಂಟಿಸಿ ಬೇರಾ ಪರೀಕ್ಷೆ ಮಾಡಿದರು. ಎರಡೂ ಕಿವಿಗೆ ಮಷಿನ್ ಬಂತು.

ಈಗ ಮಗುವಿಗೆ ನಾಲ್ಕು ತುಂಬಿದೆ. ಜೂನ್ ತಿಂಗಳಿನಲ್ಲಿ ತಾಯಿ ನನ್ನ ಕಚೇರಿಗೆ ಬಂದರು. ಕೈಚೀಲದಿಂದ ಮೂರು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಒಂದು, ಇಂಗ್ಲಿಷ್ ಮಾಧ್ಯಮದ ಕಾನ್ವೆಂಟಿನ ಅರ್ಜಿ. ಇನ್ನೊಂದು, ಮೂಕ-ಬಧಿರ ಮಕ್ಕಳ ಮರಾಠಿ ವಸತಿ ಶಾಲೆಯದು. ಮೂರನೆಯದು ತವರಿನ ಹಳ್ಳಿಯ ಜಿಲ್ಲಾ ಪರಿಷದ್ ಕನ್ನಡ ಶಾಲೆಯ ಮಾಸ್ತರರು ಬರೆದುಕೊಟ್ಟ ಚೀಟಿ: ಮಗುವಿಗೆ ವಯಸ್ಸಾದಾಗ ನಾವು ಸೇರಿಸಿಕೊಳ್ಳುತ್ತೇವೆ ಎಂದು.

"ಫಾದರ್, ಕಾನ್ವೆಂಟಿಗೆ ಒಂದು ಲೆಟರ್ ಬರದು ಕೊಡ್ರಿ. ನಿಮ್ಮ ಮಾತು ಅವರು ತಗದ್ ಹಾಕೂದಿಲ್ಲ."

ನಾನು ಪೆನ್ನು ತೆಗೆದುಕೊಂಡೆ, ಆದರೆ ಬರೆಯಲು ಕೈ ಬರಲಿಲ್ಲ. ಅದಕ್ಕೆ ಕಾರಣ ಹೇಳಬೇಕು.

ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಇಂಥದೇ ಒಂದು ಲೆಟರ್ ನಾನು ಬರೆದುಕೊಟ್ಟಿದ್ದೆ. ಸ್ವಲ್ಪ ಕಿವಿ ಮಂದವಾಗಿದ್ದ ಹುಡುಗ. ಒಳ್ಳೆಯ ಶಾಲೆ, ಪ್ರವೇಶ ಸಿಕ್ಕಿತು. ತಂದೆ ಪೇಡೆ ತಂದುಕೊಟ್ಟರು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಹುಡುಗ ಎತ್ತರದವನು ಎಂದು ಕೊನೆಯ ಬೆಂಚಿನಲ್ಲಿ ಕೂರಿಸಿದ್ದರು. ಅರವತ್ತು ಮಕ್ಕಳ ತರಗತಿ, ತಲೆಯ ಮೇಲೆ ಗಡಗಡ ಎನ್ನುವ ಫ್ಯಾನು. ಗಲಾಟೆ ಮಾಡದ ಹುಡುಗ; ಶಿಕ್ಷಕರು ಮೆಚ್ಚಿಕೊಂಡರು. ಕಪ್ಪುಹಲಗೆಯ ಮೇಲಿದ್ದುದನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡುತ್ತಿದ್ದ. ವರ್ಷ ವರ್ಷ ಪಾಸಾದ. ಐದನೇ ತರಗತಿಯಲ್ಲಿ ಧರ್ಮೋಪದೇಶಕ್ಕೆ ಬಂದಾಗ ಅವನ ಕೈಗೆ ಪುಸ್ತಕ ಕೊಟ್ಟು ಓದು ಎಂದೆ. ಅವನಿಗೆ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಐದು ವರ್ಷ ಅವನು ಅಕ್ಷರಗಳ ಚಿತ್ರ ಬರೆದಿದ್ದ. ಅವನ ನೋಟ್‌ಬುಕ್ಕುಗಳನ್ನು ತರಿಸಿ ನೋಡಿದೆ. ಪ್ರತಿ ಪುಟದಲ್ಲೂ ಕೆಂಪು ಮಸಿಯ ಗುಡ್ ಇತ್ತು.

ಆ ಶಾಲೆಯನ್ನು ನಾನು ದೂರುವುದಿಲ್ಲ. ಲೆಟರ್ ನನ್ನದು. ಒಳಗೆ ಹೋಗುವ ದಾರಿ ತೋರಿಸಿದೆ, ಒಳಗೆ ಹೋದ ಮೇಲೆ ಏನಾಯಿತು ಎಂದು ಒಂದು ದಿನವೂ ಹೋಗಿ ನೋಡಲಿಲ್ಲ.

ಈಗ ಇಂದಿನ ಶುಭಸಂದೇಶಕ್ಕೆ ಬರೋಣ. ಸಂತ ಮಾರ್ಕನು ಊರಿನ ಹೆಸರಿನಿಂದ ಶುರುಮಾಡುತ್ತಾನೆ. ಯೇಸುಸ್ವಾಮಿ ಟೈರ್, ಸಿದೋನ್ ಕಡೆಯಿಂದ ಬಂದು ದೆಕಪೊಲಿ ಎಂಬ ಸೀಮೆಗೆ ಬರುತ್ತಾರೆ. ದೆಕಪೊಲಿ ಎಂದರೆ ಹತ್ತು ಪಟ್ಟಣ. ಯೆಹೂದ್ಯರ ನಾಡಿನ ಅಂಚು. ಗ್ರೀಕರ ಊರುಗಳು, ಮನೆಗಳಲ್ಲಿ ಅರಮಾಯಿಕ್, ಸರ್ಕಾರದಲ್ಲಿ ಮತ್ತೊಂದು ಭಾಷೆ. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ನೇಕಾರರ ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ-ಉರ್ದು ಮಾತಾಡುವವರು. ನಮ್ಮ ಪುಣೆ ಧರ್ಮಪ್ರಾಂತ್ಯ 1886ರಲ್ಲಿ ಹುಟ್ಟಿದಂದಿನಿಂದಲೂ ಹೀಗೇ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಬೇರೆಯಾಗುವವರೆಗೆ ಕನ್ನಡ ನಾಡಿನ ಒಂದು ದೊಡ್ಡ ಭಾಗವೂ ಇದರೊಳಗೇ ಇತ್ತು. ಅಂಚಿನಲ್ಲಿ ಬದುಕುವುದು ನಮಗೆ ಹೊಸದಲ್ಲ.

ಅಂಥ ಅಂಚಿನ ಊರಿನಲ್ಲಿ ಕೆಲವರು ಒಬ್ಬನನ್ನು ಯೇಸುವಿನ ಬಳಿ ಕರೆತರುತ್ತಾರೆ. ಅವನಿಗೆ ಕಿವಿ ಕೇಳಿಸದು, ಮಾತು ತೊಡಕು. ಮಾರ್ಕನು ಅವನನ್ನು ಮಾತೇ ಬಾರದವನು ಎನ್ನುವುದಿಲ್ಲ. ಬಳಸಿದ ಗ್ರೀಕ್ ಪದಕ್ಕೆ ಕಷ್ಟಪಟ್ಟು ಮಾತಾಡುವವನು ಎಂದು ಅರ್ಥ. ಅಂದರೆ ಅವನಿಗೆ ಒಂದಿಷ್ಟು ಕೇಳಿಸಿರಬೇಕು, ಅಥವಾ ಹಿಂದೆ ಯಾವಾಗಲೋ ಕೇಳಿಸುತ್ತಿದ್ದಿರಬೇಕು. ಮೂಕ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಅಂಟಿಸುತ್ತೇವೆ! ಬೋರ್ಡಿನ ಮೇಲೂ ಬರೆಯುತ್ತೇವೆ. ಕಿವಿ ಮಂದವಾದ ಮಗುವಿನ ನಾಲಿಗೆಗೆ, ಗಂಟಲಿಗೆ ಏನೂ ಆಗಿರುವುದಿಲ್ಲ. ಕೇಳದ ಮಾತನ್ನು ಅದು ಆಡುವುದು ಹೇಗೆ?

ಯೇಸು ಏನು ಮಾಡಿದರು ಎನ್ನುವುದನ್ನು ನಿಧಾನವಾಗಿ ನೋಡಿ. ಜನರು ಕೇಳಿಕೊಂಡದ್ದು ಕೈ ಇಟ್ಟು ಆಶೀರ್ವದಿಸಿ ಎಂದಷ್ಟೇ. ಅದು ಒಂದು ನಿಮಿಷದ ಕೆಲಸ. ನನ್ನ ಲೆಟರ್ ಇದ್ದ ಹಾಗೆ. ಯೇಸು ಮೊದಲು ಅವನನ್ನು ಗುಂಪಿನಿಂದ ಪಕ್ಕಕ್ಕೆ ಕರೆದುಕೊಂಡು ಹೋದರು. ಕಿವಿ ಕೇಳದವನಿಗೆ ಗುಂಪು ಎಂದರೆ ಬರೀ ಗದ್ದಲ, ಅಲುಗಾಡುವ ತುಟಿಗಳು. ಆಮೇಲೆ ಅವನ ಕಿವಿಯಲ್ಲಿ ಬೆರಳಿಟ್ಟರು, ನಾಲಿಗೆ ಮುಟ್ಟಿದರು, ಮೇಲಕ್ಕೆ ನೋಡಿದರು, ನಿಟ್ಟುಸಿರು ಬಿಟ್ಟರು. ಇಷ್ಟರವರೆಗೆ ಒಂದು ಮಾತೂ ಆಡಿಲ್ಲ. ಎಲ್ಲವೂ ಅವನ ಕಣ್ಣಿಗೆ ಕಾಣುವಂಥದು, ಮೈಗೆ ತಾಕುವಂಥದು. ನಿನ್ನ ಕಿವಿಗೆ ಏನೋ ಮಾಡುತ್ತೇನೆ, ನಿನ್ನ ನಾಲಿಗೆಗೆ ಏನೋ ಮಾಡುತ್ತೇನೆ, ಇದು ಮೇಲಿನಿಂದ ಬರುತ್ತದೆ: ಸನ್ನೆಯಲ್ಲಿ ಇದನ್ನೆಲ್ಲ ತಿಳಿಸಿದ ಮೇಲೆಯೇ ಎಪ್ಫಥಾ ಎಂದದ್ದು. ಆ ಮಾತೂ ಗ್ರೀಕ್ ಅಲ್ಲ, ಮನೆಯಲ್ಲಿ ಆಡುವ ಅರಮಾಯಿಕ್. ಗ್ರೀಕಿನಲ್ಲಿ ಬರೆದ ಮಾರ್ಕನೂ ಆ ಪದವನ್ನು ಬದಲಿಸದೆ ಹಾಗೇ ಇಟ್ಟ.

ಆ ತಾಯಿಯ ಮೂರು ಕಾಗದಗಳ ಮುಂದೆ ಕೂತಾಗ ನನಗೆ ಈ ಕ್ರಮವೇ ನೆನಪಾಯಿತು. ಮೊದಲು ಗುಂಪಿನಿಂದ ಪಕ್ಕಕ್ಕೆ. ಆಮೇಲೆ ಅವನಿಗೆ ತಿಳಿಯುವ ಭಾಷೆ. ಶಾಲೆಯ ಹೆಸರು, ಬೋರ್ಡು, ಟೈ, ಬೂಟು ಆಮೇಲಿನ ಮಾತು.

ಭಾಷೆಯ ವಿಷಯದಲ್ಲಿ ಈ ಮನೆಯಲ್ಲಿ ನಡೆದದ್ದನ್ನು ಕೇಳಿ. ಮಾತಿನ ತರಬೇತಿಗೆ ಹೋದಲ್ಲಿ ಹೇಳಿಕೊಡುವುದೆಲ್ಲ ಮರಾಠಿಯಲ್ಲಿ. ಅವರ ತಪ್ಪೇನಲ್ಲ, ಅವರಿಗೆ ಬರುವುದು ಅದು. ಆದರೆ, "ಮಗುವಿಗೆ ಗೊಂದಲ ಆಗ್ತದ, ಮನೆಯಲ್ಲೂ ಮರಾಠಿಯನ್ನೇ ಮಾತಾಡಿ" ಎಂದು ಒಬ್ಬರು ಹೇಳಿದರಂತೆ. ತಾಯಿಯ ಮರಾಠಿ ಬಜಾರಿನ ಮರಾಠಿ: ಎಷ್ಟು, ಕೊಡಿ, ಬೇಡ. ಅದರಲ್ಲಿ ಮಗುವಿಗೆ ಕತೆ ಹೇಳಲು ಬರುವುದಿಲ್ಲ, ಬಯ್ಯಲೂ ಬರುವುದಿಲ್ಲ. ಏನಾಯಿತು? ಆಕೆ ಮಗುವಿನ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿಬಿಟ್ಟಳು. ಊರಿಂದ ಬಂದ ಆಯಿಗೂ "ಕೂಸಿನ ಮುಂದ ಕನ್ನಡ ಬ್ಯಾಡ" ಎಂದು ಬಾಯಿ ಮುಚ್ಚಿಸಿದರು. ಆಯಿ ಎರಡು ದಿನ ಸುಮ್ಮನೆ ಕೂತು ಊರಿಗೆ ಹೊರಟುಹೋದಳು. ಮೊದಲೇ ಕಡಿಮೆ ಕೇಳಿಸುವ ಮಗುವಿನ ಮನೆ ಹೀಗೆ ಪೂರ್ತಿ ಮೌನವಾಯಿತು.

ನನ್ನ ಒತ್ತಾಯಕ್ಕೆ ಗಂಡಹೆಂಡತಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿಗೆ ಹೋಗಿ ಬಂದರು. ಅಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿನ ಶಿಶು ಶಾಲೆಯಲ್ಲಿ ಮಗುವಿನ ಜೊತೆ ತಾಯಿಯನ್ನೂ ಕೂರಿಸಿಕೊಂಡು ಕಲಿಸುತ್ತಾರೆ, ಕನ್ನಡದಲ್ಲಿ ಕಲಿಸುತ್ತಾರೆ. ಮುಂಬೈಗೆ ಹೋಗುವುದು ಸುಲಭ ಎನ್ನುವವರಿಗೆ ಬಾಂದ್ರಾದಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಮಂಗಳೂರಿನಲ್ಲಿ ನಮ್ಮದೇ ಫಾದರ್ ಮುಲ್ಲರ್ ಸಂಸ್ಥೆಯ ವಾಕ್ ಶ್ರವಣ ಕಾಲೇಜಿದೆ. ಮೈಸೂರಿನಿಂದ ಬಂದ ತಾಯಿ ಹೇಳಿದ್ದು ಒಂದೇ ಮಾತು: "ಫಾದರ್, ನಾನು ಕನ್ನಡದಾಗೇ ಮಾತಾಡಬೇಕಂತ. ದಿನಾ ಎಲ್ಲಾ ಮಾತಾಡಬೇಕಂತ. ರೊಟ್ಟಿ ಬಡಿಯೂ ಮುಂದ, ಸ್ನಾನ ಮಾಡಸೂ ಮುಂದ, ಎದುರಿಗೆ ಕೂತು, ಮುಖ ತೋರಿಸಿ." ತಾಯಿಗೆ ಯಾವ ಭಾಷೆ ಸರಾಗವೋ ಅದರಲ್ಲೇ ಮಗುವಿಗೆ ಅತಿ ಹೆಚ್ಚು ಮಾತು ಸಿಗುತ್ತದೆ. ಒಂದು ಭಾಷೆ ಪೂರ್ತಿಯಾಗಿ ಒಳಗೆ ಇಳಿದರೆ ಎರಡನೆಯದು ಅದರ ಹೆಗಲ ಮೇಲೆ ಹತ್ತಿ ಬರುತ್ತದೆ. ಆಯಿಯನ್ನು ಮತ್ತೆ ಕರೆಸಿದರು. ಈಗ ಆಕೆಗೆ ದಿನವಿಡೀ ಅದೇ ಕೆಲಸ.

ಮಷಿನ್ ಬಂದರೂ ಈ ಎದುರಿಗೆ ಕೂರುವ ಮಾತು ಯಾಕೆ ಮುಖ್ಯ ಎಂದರೆ, ಕನ್ನಡಕ ಹಾಕಿದಾಗ ಕಣ್ಣು ಸರಿಯಾಗುವ ಹಾಗೆ ಮಷಿನ್ ಹಾಕಿದಾಗ ಕಿವಿ ಸರಿಯಾಗುವುದಿಲ್ಲ. ನಾವು ಸಾಧಾರಣವಾಗಿ ಮಾತಾಡುವ ಸದ್ದು ಸುಮಾರು 60 ಡೆಸಿಬೆಲ್. ಮಷಿನ್ ಆ ಮಾತನ್ನು ದೊಡ್ಡದು ಮಾಡುತ್ತದೆ, ಜೊತೆಗೆ ಫ್ಯಾನನ್ನೂ, ಪಕ್ಕದ ಮನೆಯ ಮಗ್ಗದ ಖಟಖಟವನ್ನೂ, ತಗಡಿನ ಮೇಲೆ ಬೀಳುವ ಮಳೆಯನ್ನೂ ದೊಡ್ಡದು ಮಾಡುತ್ತದೆ. ಒಂದೆರಡು ಮೀಟರ್ ದೂರದೊಳಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಯ ಬೆಂಚಿಗೆ ಅದರಿಂದ ಅಷ್ಟು ಉಪಯೋಗವಿಲ್ಲ. ಮಗು ಬೆಳೆದ ಹಾಗೆ ಕಿವಿಯೂ ದೊಡ್ಡದಾಗುತ್ತದೆ, ಅದಕ್ಕೆ ಅಚ್ಚನ್ನು ಮತ್ತೆ ಮತ್ತೆ ಹೊಸದಾಗಿ ಮಾಡಿಸಬೇಕು. ಸಡಿಲವಾದರೆ ಕುಂಯ್ ಎಂದು ಸದ್ದು ಮಾಡುತ್ತದೆ. ಮಗು ಕಿತ್ತು ಎಸೆಯುತ್ತದೆ. ಹಟಮಾರಿ ಎಂದು ಹೊಡೆತ ತಿನ್ನುತ್ತದೆ. ಎಚ್ಚರವಿರುವ ಹೊತ್ತೆಲ್ಲ ಅದು ಕಿವಿಯಲ್ಲಿರಬೇಕು. ಮದುವೆಗೆ ಹೋಗುವಾಗ ಮಷಿನ್ ಬಿಚ್ಚಿಟ್ಟು ಕಿವಿ ಮುಚ್ಚುವ ಹಾಗೆ ಕೂದಲು ಬಾಚಿ ಕರೆದೊಯ್ಯುವ ಅಕ್ಕಂದಿರನ್ನು ನಾನು ನೋಡಿದ್ದೇನೆ. ಮದುವೆಯ ಮನೆಯಲ್ಲೇ ಅಲ್ಲವೇ ಮಗುವಿಗೆ ಕೇಳಬೇಕಾದ್ದು ಇರುವುದು? ಅತ್ತೆ, ಚಿಗವ್ವ, ಮಾವ ಎಂಬ ಹೆಸರುಗಳೆಲ್ಲ ಅಲ್ಲೇ ತಾನೇ?

ಕೆಲವು ಮಕ್ಕಳಿಗೆ ಮಷಿನ್‌ನಿಂದಲೂ ಮಾತು ತಿಳಿಯುವಷ್ಟು ಕೇಳಿಸದು. ಅವರಿಗೆ ಸನ್ನೆ ಭಾಷೆಯ ಶಾಲೆಯೇ ಸರಿಯಾದ ಶಾಲೆ. ಅದನ್ನು ಸೋಲು ಎಂದುಕೊಳ್ಳಬೇಡಿ. ಲೂಕನ ಶುಭಸಂದೇಶದಲ್ಲಿ ಮಗುವಿಗೆ ಹೆಸರೇನು ಇಡಬೇಕು ಎಂದು ನೆಂಟರು ಜೆಕರೀಯನನ್ನು ಸನ್ನೆ ಮಾಡಿಯೇ ಕೇಳಿದರು, ಅವನು ಹಲಗೆ ತರಿಸಿ ಬರೆದು ತೋರಿಸಿದ. ಸ್ನಾನಿಕ ಯೊವಾನ್ನನಿಗೆ ಹೆಸರು ಬಂದದ್ದು ಸನ್ನೆಯಿಂದ, ಬರಹದಿಂದ. 1605ರ ಸುಮಾರಿಗೆ ಸಂತ ಫ್ರಾನ್ಸಿಸ್ ಸಾಲೆಸರು ಮಾರ್ಟಿನ್ ಎಂಬ ಕಿವುಡ ಯುವಕನಿಗೆ ಸನ್ನೆಯಲ್ಲೇ ಧರ್ಮೋಪದೇಶ ಕಲಿಸಿ ಪರಮಪ್ರಸಾದ ಕೊಟ್ಟರು. ಅದಕ್ಕೇ ಅವರು ಕಿವುಡರ ಪಾಲಕ ಸಂತರು. 1885ರಲ್ಲಿ ಮುಂಬೈಯಲ್ಲಿ ಕಿವುಡ ಮಕ್ಕಳ ಶಾಲೆ ತೆರೆದವರು ಲಿಯೋ ಮ್ಯೂರಿನ್, ಅಂದಿನ ಮುಂಬೈಯ ಧರ್ಮಾಧ್ಯಕ್ಷರು. ನಮ್ಮ ದೇಶದಲ್ಲಿ ಇಂಥ ಶಾಲೆಗಳ ಚರಿತ್ರೆ ಅಲ್ಲಿಂದಲೇ ಶುರುವಾಗುತ್ತದೆ. 2024ರ ಮೇ 2ರಂದು ತ್ರಿಶ್ಶೂರಿನಲ್ಲಿ ಹುಟ್ಟು ಕಿವುಡರಾದ ಫಾದರ್ ಜೋಸೆಫ್ ತೇರ್ಮಾಡಂ ಯಾಜಕ ದೀಕ್ಷೆ ಪಡೆದರು. ಭಾರತದಲ್ಲಿ ಅವರೇ ಮೊದಲಿಗರು. ಅವರು ಬಲಿಪೂಜೆಯನ್ನು ಸನ್ನೆ ಭಾಷೆಯಲ್ಲಿ ಅರ್ಪಿಸುತ್ತಾರೆ.

ನಮ್ಮ ಧರ್ಮಸಭೆಯ ತಪ್ಪನ್ನೂ ಮುಚ್ಚಿಡಬಾರದು. ಕೇಳುವುದರಿಂದ ವಿಶ್ವಾಸ ಬರುತ್ತದೆ ಎಂಬ ಸಂತ ಪೌಲನ ಮಾತನ್ನು ಹಿಡಿದು, ಕೇಳದವರಿಗೆ ವಿಶ್ವಾಸ ಬರುವುದು ಹೇಗೆ ಎಂದು ಅವರನ್ನು ದೂರ ಇಟ್ಟ ಕಾಲವಿತ್ತು. 1880ರಲ್ಲಿ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರು ಸೇರಿ, ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ, ಬಾಯಿಮಾತು ಒಂದೇ ಸಾಕು ಎಂದು ನಿರ್ಣಯ ಮಾಡಿದರು. ಆ ಸಭೆಯ ಅಧ್ಯಕ್ಷತೆ ವಹಿಸಿದ್ದವರು ಜೂಲಿಯೋ ತಾರ್ರಾ ಎಂಬ ಕಥೋಲಿಕ ಗುರುಗಳು. ಎಷ್ಟೋ ಮಕ್ಕಳ ಕೈಗಳನ್ನು ಆ ನಿರ್ಣಯ ಕಟ್ಟಿಹಾಕಿತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನ ಅದನ್ನು ತಳ್ಳಿಹಾಕಿ ವಿಷಾದ ಹೇಳಿತು. ನೂರ ಮೂವತ್ತು ವರ್ಷ!

ಈ ಮಗು ಹೀಗೆ ಹುಟ್ಟಿದ್ದು ಯಾರ ಪಾಪದಿಂದ ಎಂದು ನನ್ನನ್ನು ಕೇಳಿದವರೂ ಇದ್ದಾರೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಅದನ್ನೇ; ಯಾರ ಪಾಪವೂ ಅಲ್ಲ ಎಂದು ಪ್ರಭು ಉತ್ತರ ಕೊಟ್ಟಾಗಿದೆ. ತಾಯಿಯನ್ನು ಚುಚ್ಚಬೇಡಿ. ಆದರೆ ಪಾಪವಲ್ಲದಿದ್ದರೂ ಕಾರಣಗಳು ಇರುತ್ತವೆ, ಅವನ್ನು ಹೇಳದೆ ಬಿಡುವುದು ಗುರುಗಳಿಗೆ ಸರಿಯಲ್ಲ. ಸೋದರಮಾವನಿಗೆ ಕೊಡುವ, ಸೋದರತ್ತೆಯ ಮಗನಿಗೆ ಕೊಡುವ ಮದುವೆಗೆ ವಿನಾಯಿತಿ ಕೇಳಿ ನನ್ನ ಮೇಜಿಗೆ ಅರ್ಜಿ ಬರುತ್ತವೆ. ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟು ಕಿವುಡಿನ ಸಾಧ್ಯತೆ ಹೆಚ್ಚು. ಹೊಲ ಮನೆಯಲ್ಲೇ ಉಳಿಯಲಿ ಎಂದು ಈ ಸಂಬಂಧ ಬೆಳೆಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಇನ್ನು ಕಿವಿ ಸೋರಿದರೆ ಬಿಸಿ ಎಣ್ಣೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಸೋರುವ ಕಿವಿಯನ್ನು ವೈದ್ಯರಿಗೆ ತೋರಿಸಿದರೆ ಎಷ್ಟೋ ಮಕ್ಕಳ ಕೇಳುವಿಕೆ ಉಳಿಯುತ್ತದೆ. ಹುಟ್ಟಿದ ಮೊದಲ ತಿಂಗಳಲ್ಲೇ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಮಷಿನ್ ಮತ್ತು ತರಬೇತಿ ಶುರು, ಇದು ತಜ್ಞರು ಹೇಳುವ ಲೆಕ್ಕ. ನಾವು ಮೂರು ವರ್ಷ ಕಳೆದೆವು. ಹರಕೆ ಬೇಡ ಎನ್ನುವುದಿಲ್ಲ. ವೇಲಂಕಣಿಗೆ ಹೋಗುವ ದಾರಿಯಲ್ಲೇ ಆಸ್ಪತ್ರೆಗೂ ಹೋಗಬಹುದಿತ್ತು.

ಕಾಗದಪತ್ರಗಳ ಬಗ್ಗೆ ಕೆಲವು ಮಾತು. ಪ್ರಬೋಧನೆಯಲ್ಲಿ ಇದೆಲ್ಲ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆ ಮನುಷ್ಯನನ್ನು ಕರೆತಂದವರಿಗೆ ಯೇಸು ಎಲ್ಲಿದ್ದಾರೆ ಎಂದು ಗೊತ್ತಿತ್ತಲ್ಲ, ಗೊತ್ತಿರಲೇಬೇಕಿತ್ತಲ್ಲ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ದೋಷವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಮನೆ ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ, ಆಯ್ಕೆ ಮನೆಯವರದು. ಅದಕ್ಕೆ ಯುಡಿಐಡಿ ಕಾರ್ಡು ಮಾಡಿಸಿಕೊಳ್ಳಬೇಕು. ಅದೇ ಕಾಯ್ದೆಯಲ್ಲಿ ನಮ್ಮಂಥ ನಾಲ್ಕು ಭಾಷೆಯ ಊರಿನವರಿಗೆ ಚಿನ್ನದಂಥ ಒಂದು ಮಾತಿದೆ: ಇಂಥ ಮಕ್ಕಳಿಗೆ ಎರಡನೆಯ, ಮೂರನೆಯ ಭಾಷೆಯ ಪಾಠದಿಂದ ವಿನಾಯಿತಿ ಕೊಡಬಹುದು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಬಹುದು. ಕೇಳದೆ ಯಾರೂ ಕೊಡುವುದಿಲ್ಲ. ಸರ್ಕಾರಿ ಶಾಲೆಗಳ ಇಂಥ ಮಕ್ಕಳಿಗಾಗಿ ಸಮಗ್ರ ಶಿಕ್ಷಾ ಯೋಜನೆಯಲ್ಲಿ ವರ್ಷಕ್ಕೆ ಮಗುವೊಂದಕ್ಕೆ 3,500 ರೂಪಾಯಿ ಇಟ್ಟಿದ್ದಾರೆ. ವಿಶೇಷ ಶಿಕ್ಷಕರ ಬಗ್ಗೆ ತಾಲ್ಲೂಕಿನ ಗಟ ಸಾಧನ ಕೇಂದ್ರದಲ್ಲಿ ವಿಚಾರಿಸಬೇಕು. ಬಡವರಿಗೆ ಮಷಿನ್ ಕೇಂದ್ರದ ಎಡಿಪ್ ಯೋಜನೆಯಲ್ಲಿ ಸಿಗುತ್ತದೆ.

ಕಾಯ್ದೆಯಲ್ಲಿ ಒಂದು ಕೊರತೆಯೂ ಇದೆ. ಕಿವಿ ಮಂದ ಎಂದು ಅದು ಹೆಸರಿಸುವುದು ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿರುವವರನ್ನು. 70 ದಾಟಿದರೆ ಕಿವುಡು. 50 ಡೆಸಿಬೆಲ್ ನಷ್ಟದ ಮಗು ಈ ಹೆಸರಿನಡಿ ಬರುವುದೇ ಇಲ್ಲ. ನಾನು ಹೇಳಿದ ಆ ಮುತ್ತಿನಕ್ಷರದ ಹುಡುಗ ಅಂಥವನು. ಇಂಥವರಿಗೆ ಕಾರ್ಡು ಇಲ್ಲ. ಮೊದಲ ಬೆಂಚು, ಎದುರು ನಿಂತು ಮಾತಾಡುವ ಒಬ್ಬ ಟೀಚರ್, ತಾನು ಬರೆದದ್ದನ್ನು ತೋರಿಸುವ ಒಬ್ಬ ಗೆಳೆಯ, ಇಷ್ಟೇ ಬೇಕು. ಇದಕ್ಕೆ ಹಣವೂ ಬೇಡ, ಸರ್ಕಾರಿ ಆದೇಶವೂ ಬೇಡ.

ಲೆಟರ್ ವಿಷಯಕ್ಕೆ ಬರುತ್ತೇನೆ. ನಾನು ಬರೆಯಲಿಲ್ಲ. ಬದಲಿಗೆ ಆ ತಾಯಿ, ನಾನು, ಮಗು ಮೂರೂ ಕಡೆ ಹೋಗಿ ತರಗತಿಯಲ್ಲಿ ಅರ್ಧ ಗಂಟೆ ಕೂತು ಬಂದೆವು. ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರೀತಿಯಿಂದ ಕಂಡರು. ಆದರೆ ಮಗು ಕಿಟಕಿಯ ಕಡೆ ನೋಡುತ್ತ ಕೂತಿತು. ವಸತಿ ಶಾಲೆಯಲ್ಲಿ ಮಕ್ಕಳು ಕೈಯಲ್ಲಿ ಎಷ್ಟು ವೇಗವಾಗಿ ಜಗಳವಾಡುತ್ತಿದ್ದರೆಂದರೆ ನಮ್ಮ ಹುಡುಗಿ ಬಾಯಿ ತೆರೆದು ನೋಡಿತು, ನಕ್ಕಿತು. ತಾಯಿ ಮಾತ್ರ ರಾತ್ರಿ ಮಲಗುವ ಕೋಣೆ ನೋಡಿ ಕಣ್ಣೊರೆಸಿಕೊಂಡಳು. ಹಳ್ಳಿಯ ಕನ್ನಡ ಶಾಲೆಯಲ್ಲಿ ಒಂದು ತರಗತಿಗೆ ಹದಿನಾಲ್ಕು ಮಕ್ಕಳು. ಮಾಸ್ತರರು ಹಲಗೆಯ ಕಡೆ ತಿರುಗಿ ಮಾತಾಡುವ ಅಭ್ಯಾಸದವರು. "ಮಾಸ್ತರೇ, ಇತ್ತ ತಿರುಗಿ ಮಾತಾಡ್ತೀರೇನ್ರಿ?" ಎಂದು ಕೇಳಿದ್ದಕ್ಕೆ ನಾಚಿಕೊಂಡು ತಿರುಗಿದರು. ಅಲ್ಲಿ ಆಯಿ ಇದ್ದಾಳೆ. ಮಾತಿನ ತರಬೇತಿಗೆ ಮಾತ್ರ ವಾರಕ್ಕೆ ಎರಡು ಸಲ ಸೊಲ್ಲಾಪುರಕ್ಕೆ ಬಸ್ಸು ಹತ್ತಬೇಕು.

ಇನ್ನೂ ತೀರ್ಮಾನವಾಗಿಲ್ಲ. ಒಂದನೇ ತರಗತಿಗೆ ಸೇರಲು ಇನ್ನೂ ಎರಡು ವರ್ಷವಿದೆ. ಅಷ್ಟರೊಳಗೆ ಮಷಿನ್ ಹಾಕಿಕೊಂಡು ಮಗು ಎಷ್ಟು ಮಾತು ಹಿಡಿಯುತ್ತದೆ ನೋಡಬೇಕು. ಹಿಡಿದರೆ ಹಳ್ಳಿಯ ಶಾಲೆ. ಹಿಡಿಯದಿದ್ದರೆ ಕೈಯಲ್ಲಿ ಜಗಳವಾಡುವ ಆ ಮಕ್ಕಳ ಶಾಲೆ, ಮತ್ತು ತಾಯಿಯೂ ನಾನೂ ಸನ್ನೆ ಕಲಿಯುವುದು. ಕಾನ್ವೆಂಟಿನ ಅರ್ಜಿಯನ್ನು ತಾಯಿಯೇ ಮಡಿಸಿ ಒಳಗಿಟ್ಟಳು. ನಾಲ್ಕು ಜನ ಏನಂದಾರು ಎಂದು ತಂದೆಗೆ ಇನ್ನೂ ಸ್ವಲ್ಪ ಬೇಸರವಿದೆ. ಅವರಿಗಾಗಿ ಪ್ರಾರ್ಥಿಸಿ.

ಇಂದಿನ ಎರಡನೇ ವಾಚನದಲ್ಲಿ ಸಂತ ಯಕೋಬನು ಆಸನದ ಮಾತು ಎತ್ತುತ್ತಾನೆ. ಚಿನ್ನದುಂಗುರದವನು ಸಭೆಗೆ ಬಂದರೆ ಒಳ್ಳೆಯ ಜಾಗ, ಬಡವ ಬಂದರೆ ಅಲ್ಲಿ ನಿಲ್ಲು ಎನ್ನುತ್ತೀರಲ್ಲ ಎಂದು ಗದರಿಸುತ್ತಾನೆ. ನಮ್ಮ ದೇವಾಲಯದಲ್ಲಿ ಮೊದಲ ಬೆಂಚಿನ ಮೇಲೆ ಯಾರು ಕೂರುತ್ತಾರೆ ಎಂದು ನಿಮಗೆಲ್ಲ ಗೊತ್ತು. ಬರುವ ಭಾನುವಾರದಿಂದ ಎಡಗಡೆಯ ಮೊದಲ ಬೆಂಚಿನ ಅಂಚಿನ ಎರಡು ಜಾಗ ಆ ಮಗುವಿಗೆ ಮತ್ತು ಆಯಿಗೆ. ವಯಸ್ಸಾಗಿ ಕಿವಿ ಮಂದವಾದ ಹಿರಿಯರೂ ಅಲ್ಲೇ ಬಂದು ಕೂರಬಹುದು. ಇನ್ನೊಂದು. ವಾಚನ ಪೀಠದ ಹಿಂದೆ ಕಿಟಕಿ ಇದೆ. ಬೆಳಗಿನ ಪೂಜೆಯಲ್ಲಿ ಬಿಸಿಲು ನನ್ನ ಬೆನ್ನ ಹಿಂದಿನಿಂದ ಬೀಳುತ್ತದೆ, ಮಗುವಿಗೆ ನನ್ನ ಮುಖ ಬರೀ ಕಪ್ಪಾಗಿ ಕಾಣುತ್ತದಂತೆ. ಇಷ್ಟು ವರ್ಷ ಅಲ್ಲಿ ನಿಂತು ಪ್ರಬೋಧನೆ ಮಾಡಿದವನಿಗೆ ಇದು ಆಯಿ ಹೇಳಿದ ಮೇಲೆಯೇ ತಿಳಿದದ್ದು. ಶನಿವಾರ ಸಂಜೆ ಯುವಜನರು ಬಂದು ಪೀಠವನ್ನು ಎದುರಿನ ಗೋಡೆಯ ಕಡೆಗೆ ಸರಿಸಲಿದ್ದಾರೆ. ಪೀಠ ಭಾರವಾಗಿದೆ, ಇನ್ನೂ ನಾಲ್ಕು ಜನ ಕೈ ಹಚ್ಚಿದರೆ ಒಳ್ಳೆಯದು. ಆರು ಗಂಟೆಗೆ ಬನ್ನಿ.